ಏಳನೇ ಆಟ, ಏಳನೇ ಇನ್ನಿಂಗ್ಸ್: ಮರೀನರ್ಸ್ ಎಡವಿದ್ದು ಡಗೌಟ್‌ನಲ್ಲಾ, ಆಫೀಸಿನಲ್ಲಾ?

ತ್ರಿಶೂಲ_77
ಚಳಿಗಾಲ ಅರ್ಧ ಕಳೀತು, ಆದರೂ 2025ರ ಅಕ್ಟೋಬರ್ 20ರ ಜಗಳ ಮುಗೀತಿಲ್ಲ. ಬೇರೆ ಬೇರೆ ಎಳೆಗಳಲ್ಲಿ ಚದುರಿ ಹೋಗಿದ್ದನ್ನ ಒಂದೇ ಕಡೆ ಹಾಕೋಣ ಅಂತ ಇದನ್ನ ಶುರು ಮಾಡ್ತಿದ್ದೀನಿ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಅಮೆರಿಕದ ಬೇಸ್‌ಬಾಲ್ ತಂಡ ಸಿಯಾಟಲ್ ಮರೀನರ್ಸ್ ಹುಟ್ಟಿದ್ದು 1977ರಲ್ಲಿ. 2025ಕ್ಕೆ 49 ಋತು ಆಯ್ತು. 30 ತಂಡಗಳಲ್ಲಿ ವರ್ಲ್ಡ್ ಸೀರೀಸ್ (ಕಪ್ಪಿನ ಫೈನಲ್) ಅಂಗಳಕ್ಕೆ ಕಾಲೇ ಇಡದಿರುವ ತಂಡ ಇದೊಂದೇ. ಅದಕ್ಕೂ ಒಂದು ಮೆಟ್ಟಿಲು ಮೊದಲಿನ ಅಮೆರಿಕನ್ ಲೀಗ್ ಫೈನಲ್ಲಿಗೆ ನಾಲ್ಕು ಸಲ ಬಂದಿದ್ದಾರೆ: 1995, 2000, 2001, 2025. ನಾಲ್ಕೂ ಸೋಲು. ಕೊನೆಯದು ಟೊರಾಂಟೊ ವಿರುದ್ಧ. ಅವರ ಊರಲ್ಲೇ ಮೊದಲ ಎರಡು ಆಟ ಗೆದ್ದು, ಮನೆಗೆ ಬಂದು ಎರಡು ಸೋತು, ಒಂದು ಗೆದ್ದು, ಮತ್ತೆ ಅಲ್ಲಿಗೆ ಹೋಗಿ ಎರಡೂ ಕೈಬಿಟ್ಟರು.

ಏಳನೇ ಆಟ. ಏಳನೇ ಇನ್ನಿಂಗ್ಸ್ ಶುರುವಾದಾಗ ನಾವು 3-1 ಮುಂದೆ. ಗೆಲುವಿಗೆ ಬೇಕಿದ್ದದ್ದು 9 ಔಟ್. ಬ್ರಯಾನ್ ವೂ ಐದನೇ ಇನ್ನಿಂಗ್ಸ್‌ನಿಂದ ಎಸೀತಿದ್ದ. ಟೊರಾಂಟೊದ ಬಾರ್ಜರ್‌ಗೆ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಮೊದಲ ಬೇಸ್), ಕೈನರ್-ಫಲೇಫಾ ಸಿಂಗಲ್, ಹಿಮೆನೆಸ್ ಬಂಟ್ (ಚೆಂಡನ್ನ ಮೆಲ್ಲಗೆ ತಟ್ಟಿ ತಾನು ಔಟಾಗೋದು) ಮಾಡಿ ಇಬ್ಬರನ್ನೂ ಒಂದೊಂದು ಬೇಸ್ ಮುಂದಕ್ಕೆ ತಳ್ಳಿದ. ಒಂದು ಔಟ್, ಎರಡು ಮತ್ತು ಮೂರನೇ ಬೇಸಲ್ಲಿ ಜನ. ವೂನ ತೆಗೆದು ಎಡ್ವರ್ಡ್ ಬಜಾರ್ಡೊನ ಇಳಿಸಿದರು. ಎರಡನೇ ಎಸೆತಕ್ಕೆ ಜಾರ್ಜ್ ಸ್ಪ್ರಿಂಗರ್ ಮೂರು ರನ್ ಹೋಮ್ ರನ್. 4-3. ಅಲ್ಲಿಗೆ ಮುಗೀತು.

ಪ್ರಶ್ನೆ ಇಷ್ಟೇ. ಇದು ಡಗೌಟಿನಲ್ಲಿ ಕೂತ ಮ್ಯಾನೇಜರ್ ಡ್ಯಾನ್ ವಿಲ್ಸನ್ ಆ ಹತ್ತು ನಿಮಿಷದಲ್ಲಿ ಮಾಡಿದ ತಪ್ಪಾ, ಅಥವಾ ಆಫೀಸಿನವರು ತಂಡ ಕಟ್ಟುವ ರೀತಿಯಲ್ಲೇ ಇದ್ದ ತಪ್ಪಾ? "ನಸೀಬು" ಅಂತ ಮಾತ್ರ ಹೇಳಬೇಡಿ.

ಬುಲ್‌ಪೆನ್_ಬಸಣ್ಣ
ನಸೀಬು ಅಲ್ರಿ, ಡಗೌಟಿನ ತಪ್ಪು. ಯಾಕಂತ ಕೇಳ್ರಿ.

ಬಜಾರ್ಡೊ ಸಿಂಕರ್ ಬೌಲರ್. ಸಿಂಕರ್ ಅಂದ್ರ ಕೊನೀಗೆ ಕೆಳಗ ಇಳಿಯೋ ಎಸೆತ. ಬ್ಯಾಟಿನ ತಳಕ್ಕ ಬಡದು ನೆಲದ ಮ್ಯಾಲ ಉರುಳಬೇಕು, ಡಬಲ್ ಪ್ಲೇ (ಒಂದೇ ಹೊಡೆತಕ್ಕ ಎರಡು ಔಟ್) ಸಿಗಬೇಕು, ಲೆಕ್ಕ ಅದು. ಆದ್ರ ಬಂಟ್ ಆದಮ್ಯಾಲ ಮೊದಲನೇ ಬೇಸ್ ಖಾಲಿ ಐತಿ! ಅಲ್ಲಿ ಯಾರೂ ಇಲ್ಲದಾಗ ಸುಲಭದ ಡಬಲ್ ಪ್ಲೇ ಎಲ್ಲಿಂದ ಬರ್ತದ? ಇಬ್ಬರು ಮೊದಲ ಎರಡು ಬೇಸ್‌ನ್ಯಾಗ ಇದ್ದಾಗ, ಒಂದೂ ಔಟ್ ಆಗಿರದಾಗ ಇಳಿಸಿದ್ರ ಒಪ್ತಿದ್ದೆ. ಬಂಟ್ ಆದಮ್ಯಾಲ ಆ ಪರಿಸ್ಥಿತಿಗೆ ಬೇಕಾದ ಔಷಧಿ ಒಂದೇ, ಸ್ಟ್ರೈಕೌಟ್. ಚೆಂಡು ಬ್ಯಾಟಿಗೆ ತಾಗಬಾರದು. ನಮ್ಮ ಕಡೆ ಅದನ್ನ ಎಲ್ಲರಿಗಿಂತ ಚಲೋ ಮಾಡಾವ ಆಂಡ್ರೆಸ್ ಮುನ್ಯೋಸ್. ವರ್ಷದಾಗ 38 ಸೇವ್, ಅಂದ್ರ ಕೊನೀಗೆ ಇಳದು ಮುನ್ನಡೆ ಕಾಯ್ದ ಆಟ. ಅವನ್ನ ಒಂಬತ್ತನೇ ಇನ್ನಿಂಗ್ಸಿಗಂತ ಪೆಟ್ಟಿಗ್ಯಾಗ ಇಟ್ಟಿದ್ರು.

ಹದಿನೇಳನೇ ಓವರಿಗೇ ಮನಿಗೆ ಬೆಂಕಿ ಹತ್ತಿದಾಗ ಬುಮ್ರಾನ್ನ ಇಪ್ಪತ್ತನೇ ಓವರಿಗೆ ಕೂಡಿಟ್ಟಂಗ ಆತು.

ಎಡಗೈ
ಬಸಣ್ಣ, ತರ್ಕ ಸರಿ ಇದೆ. ಆದರೆ ಮೂರು ವಿಷಯ ಬಿಟ್ಟಿದ್ದೀರಿ.

ಒಂದು, ಬುಲ್‌ಪೆನ್ ಅಂದರೆ ಕಾಯುತ್ತಾ ಕೂತ ಪಿಚರ್‌ಗಳ ಜಾಗ, ಕೊಳಾಯಿ ತಿರುಗಿಸಿದ ತಕ್ಷಣ ಬರುವ ನೀರಲ್ಲ. ರಿಲೀವರ್ (ಆಟದ ಮಧ್ಯೆ ಇಳಿಯುವ ಪಿಚರ್) ಬಿಸಿಯಾಗೋಕೆ ಒಳಗೆ ಸುಮಾರು 20-25 ಎಸೆತ ಬೇಕು, ಆಮೇಲೆ ಪಿಚರ್ ನಿಂತು ಎಸೆಯುವ ಗುಡ್ಡೆ ಮೇಲೆ ಇನ್ನಷ್ಟು. ಬಾರ್ಜರ್ ವಾಕ್ ಆದ ಕ್ಷಣ ಯಾರನ್ನ ಎಬ್ಬಿಸಿದರೋ ಅವರೇ ನಾಲ್ಕನೇ ಬ್ಯಾಟರ್ ಹೊತ್ತಿಗೆ ಸಿದ್ಧ ಇರ್ತಾರೆ. ಆಗ ಮೊದಲ ಎರಡು ಬೇಸ್ ತುಂಬುವ ಸಾಧ್ಯತೆ ಇತ್ತು, ಸಿಂಕರ್ ಆಯ್ಕೆಗೆ ಅರ್ಥ ಇತ್ತು. ಬಂಟ್ ಬಂದು ಚಿತ್ರ ಬದಲಾಯ್ತು, ಎದ್ದು ನಿಂತಿದ್ದ ಕೈ ಬದಲಾಗಲಿಲ್ಲ.

ಎರಡು, 2020ರಿಂದ ಬಂದಿರುವ ಮೂರು ಬ್ಯಾಟರ್ ನಿಯಮ. ಇಳಿದ ಪಿಚರ್ ಕನಿಷ್ಠ ಮೂವರಿಗೆ ಎಸೆಯಬೇಕು, ಇಲ್ಲ ಇನ್ನಿಂಗ್ಸ್ ಮುಗಿಸಬೇಕು. ಹಾಗಾಗಿ ಸ್ಪ್ರಿಂಗರ್ ಒಬ್ಬನಿಗೆ ಅಂತ ಯಾರನ್ನೂ ಇಳಿಸೋಕಾಗಲ್ಲ, ಅವನ ಹಿಂದೆ ಗೆರೆರೊವರೆಗಿನ ಸಾಲನ್ನೂ ನೋಡಬೇಕು. (ಇದು ಮುನ್ಯೋಸ್ ಪರವಾದ ವಾದವೂ ಹೌದು, ಗೊತ್ತು.)

ಮೂರು, ಬಜಾರ್ಡೊ ಕೆಟ್ಟ ಆಯ್ಕೆಯಾಗಿದ್ದು ಅವನು ಕೆಟ್ಟ ಪಿಚರ್ ಅಂತಲ್ಲ. ವರ್ಷವಿಡೀ ಬುಲ್‌ಪೆನ್‌ನ ಗಟ್ಟಿ ಕೈಗಳಲ್ಲಿ ಒಬ್ಬ. ಆದರೆ ಆ ಸರಣಿಯಲ್ಲಿ ಆಗಲೇ ಹಲವು ಸಲ ಇಳಿದಿದ್ದ. ಒಂದೇ ರಿಲೀವರ್‌ನ ಒಂದೇ ವಾರದಲ್ಲಿ ಮತ್ತೆ ಮತ್ತೆ ನೋಡಿದ ಬ್ಯಾಟರ್‌ಗೆ ಚೆಂಡು ಕೈಬಿಡುವ ಜಾಗ, ಅದು ಇಳಿಯುವ ಕೋನ ಎರಡೂ ಕಣ್ಣಿಗೆ ಕೂತಿರ್ತದೆ. ಸ್ಪ್ರಿಂಗರ್ ಹೊಡೆದದ್ದು ಒಳಗೆ ಬಂದ ಸಿಂಕರ್. ಇಳಿಯಬೇಕಾದಷ್ಟು ಇಳಿಯಲಿಲ್ಲ, ಮಂಡಿಗೆ ಬರಬೇಕಾದ್ದು ತೊಡೆ ಎತ್ತರದಲ್ಲೇ ಉಳೀತು.

ಅಂಕಿ_ಮಂಕಿ
ಸಂಖ್ಯೆ ಹಾಕೋಣ. ರನ್ ನಿರೀಕ್ಷೆ ಪಟ್ಟಿ ಅಂತ ಒಂದಿದೆ: ಎಷ್ಟು ಔಟ್, ಯಾವ ಬೇಸಲ್ಲಿ ಯಾರು ಅನ್ನೋದರ ಮೇಲೆ ಇನ್ನಿಂಗ್ಸ್ ಮುಗಿಯುವಷ್ಟರಲ್ಲಿ ಸರಾಸರಿ ಎಷ್ಟು ರನ್ ಬರುತ್ತೆ ಅನ್ನೋ 24 ಮನೆಗಳ ಕೋಷ್ಟಕ.

ಒಂದು-ಎರಡನೇ ಬೇಸ್, ಸೊನ್ನೆ ಔಟ್: ಸುಮಾರು 1.4 ರನ್. ಎರಡು-ಮೂರನೇ ಬೇಸ್, ಒಂದು ಔಟ್: ಅದೂ ಸುಮಾರು 1.4. ಅಂದರೆ ಹಿಮೆನೆಸ್ ಬಂಟ್‌ನಿಂದ ಟೊರಾಂಟೊಗೆ ಸರಾಸರಿಯಲ್ಲಿ ಹೆಚ್ಚೇನೂ ಸಿಗಲಿಲ್ಲ. ಆದರೆ ಅವರು ಹಿಂದಿದ್ದದ್ದು ಎರಡೇ ರನ್. ಒಂದು ಸಿಂಗಲ್‌ಗೆ ಇಬ್ಬರೂ ಮನೆ ಸೇರುವ ಹಾಗೆ ಮಾಡಿಕೊಂಡರು, ನಮ್ಮ ಡಬಲ್ ಪ್ಲೇ ದಾರಿನೂ ಮುಚ್ಚಿದರು. ಕೊಟ್ಟ ಔಟ್‌ಗೆ ಒಳ್ಳೆ ಬೆಲೆ.

ಸ್ಪ್ರಿಂಗರ್‌ನ ಬೇಕಂತಲೇ ವಾಕ್ ಮಾಡಿ ಬೇಸ್ ತುಂಬಬಹುದಿತ್ತಲ್ಲ ಅಂತ ಕೇಳೋರಿಗೆ: 2017ರಿಂದ ಅದಕ್ಕೆ ನಾಲ್ಕು ಎಸೆತನೂ ಬೇಡ, ಕೈ ಎತ್ತಿದರೆ ಸಾಕು. ಬೇಸ್ ತುಂಬಿ ಒಂದು ಔಟ್ ಅಂದರೆ ನಿರೀಕ್ಷೆ ಸುಮಾರು 1.6ಕ್ಕೆ ಏರುತ್ತೆ. ಡಬಲ್ ಪ್ಲೇ ಮತ್ತೆ ತೆರೆಯುತ್ತೆ, ಆದರೆ ಇನ್ನೊಂದು ವಾಕ್ ಆದರೆ ರನ್ ತಾನಾಗೇ ಬರುತ್ತೆ. ಜೊತೆಗೆ ಗೆದ್ದು ಕೊಡುವ ರನ್ನನ್ನ ನಾವೇ ಬೇಸ್ ಮೇಲೆ ಕೂರಿಸಿದ ಹಾಗೆ. ಸಿಂಕರ್ ಬೌಲರ್ ಕೈಯಲ್ಲಿದ್ದರೆ ಇದು ಹುಚ್ಚು ಆಲೋಚನೆ ಏನಲ್ಲ. ನಾನಾಗಿದ್ದರೆ ಮಾಡ್ತಿರಲಿಲ್ಲ, ಆದರೆ ಸಿಂಕರ್ ತಂದು ಬೇಸ್ ಖಾಲಿ ಬಿಡೋದಕ್ಕಿಂತ ಇದರಲ್ಲಿ ತರ್ಕ ಜಾಸ್ತಿ ಇದೆ.

ಕಾಫಿ_ಡಿಕಾಕ್ಷನ್
ಎಲ್ಲರೂ ಏಳನೇ ಇನ್ನಿಂಗ್ಸ್ ಹಿಡ್ಕೊಂಡು ಜಗ್ಗಾಡ್ತಿದ್ದೀರಿ. ಆರನೇ ಆಟ ಮರೆತುಬಿಟ್ರಾ? ಮೂರು ಇನ್ನಿಂಗ್ಸ್ ಸಾಲಾಗಿ ಡಬಲ್ ಪ್ಲೇಗೆ ಸಿಕ್ಕಿದ್ದು, ಅದರಲ್ಲಿ ಎರಡು ಸಲ ಬೇಸ್ ತುಂಬಿತ್ತು. ಜೊತೆಗೆ ಫೀಲ್ಡಿಂಗಲ್ಲಿ ಮೂರು ಎರರ್. ಆ ಆಟ 6-2 ಸೋತದ್ದಕ್ಕೇ ಏಳನೇ ಆಟ ಅನ್ನೋದು ಬಂತು.

ತ್ರಿಶೂಲ_77
ಹೌದು, ಅದರ ಕಾರಣವನ್ನೂ ಬಿಡಿಸಿ ಹೇಳಬೇಕು. ಎದುರಿಗಿದ್ದ ಹುಡುಗ ಟ್ರೇ ಯೆಸಾವೇಜ್‌ನ ಅಸ್ತ್ರ ಸ್ಪ್ಲಿಟರ್. ಫಾಸ್ಟ್‌ಬಾಲ್ ಥರಾನೇ ಹೊರಡುತ್ತೆ, ಪ್ಲೇಟ್ ಹತ್ತಿರ ನೆಲ ಕುಸಿದ ಹಾಗೆ ಇಳಿಯುತ್ತೆ. ಎತ್ತಿ ಹೊಡೆಯೋ ಅಭ್ಯಾಸದ ಬ್ಯಾಟರ್ ಅದರ ಮೇಲ್ಭಾಗವನ್ನ ಮುಟ್ಟುತ್ತಾನೆ, ಚೆಂಡು ನೇರ ಇನ್‌ಫೀಲ್ಡರ್ ಕೈಗೆ. ಪರಿಹಾರ ಹೇಳೋಕೆ ಸುಲಭ: ಮಂಡಿ ಕೆಳಗಿನದ್ದನ್ನ ಬಿಡು, ಮೇಲೆ ಬಂದದ್ದನ್ನ ಮಾತ್ರ ಹೊಡಿ. ಆದರೆ ಬೇಸ್ ತುಂಬಿದಾಗ, 40 ಸಾವಿರ ಜನ ಕಿರುಚುವಾಗ, ತೀರ್ಮಾನಕ್ಕೆ ಸಿಗೋದು ಸೆಕೆಂಡಿನ ಒಂದು ಚೂರು.

ಅಂಕಿ_ಮಂಕಿ
ಈಗ ಆಫೀಸಿನ ಕಡೆಗೆ ಬರ್ತೀನಿ, ನನ್ನ ನಿಜವಾದ ತಕರಾರು ಅಲ್ಲಿರೋದು.

ತಂಡ ಕಟ್ಟುವ ಮುಖ್ಯಸ್ಥ ಜೆರ್ರಿ ಡಿಪೋಟೊ 2023ರ ಅಕ್ಟೋಬರ್‌ನಲ್ಲಿ ಹೇಳಿದ 54 ಪರ್ಸೆಂಟ್ ಮಾತು ಎಲ್ಲರಿಗೂ ನೆನಪಿದೆ. ಹತ್ತು ವರ್ಷದ ಅವಧಿಯಲ್ಲಿ 54% ಆಟ ಗೆದ್ದರೆ ವರ್ಲ್ಡ್ ಸೀರೀಸ್ ತಾನಾಗೇ ಬರುತ್ತೆ ಅನ್ನೋ ಅರ್ಥದ ಮಾತು. ಊರೆಲ್ಲ ನಕ್ಕಿತು. ಸರಿ, ಲೆಕ್ಕ ನೋಡೋಣ.

2021: 90 ಗೆಲುವು. 2022: 90. 2023: 88. 2024: 85. 2025: 90. ಕೂಡಿದರೆ 443. ಆಡಿದ್ದು 810. ಭಾಗಿಸಿ: 54.7%.

ಅಂದರೆ ಆತ ಕೊಟ್ಟ ಮಾತು ಉಳಿಸಿಕೊಂಡಿದ್ದಾನೆ! ಗೋಳು ಇರೋದೇ ಅಲ್ಲಿ. 162 ಆಟದ 54% ಅಂದರೆ 87.5 ಗೆಲುವು. 2021ರಲ್ಲಿ 90 ಗೆದ್ದೂ ಎರಡು ಆಟದಿಂದ ಪ್ಲೇಆಫ್ ತಪ್ಪಿತು. 2023ರಲ್ಲಿ 88, ಟೊರಾಂಟೊ 89, ಒಂದೇ ಆಟ. 2024ರಲ್ಲಿ ನಾವು 85, ಡೆಟ್ರಾಯಿಟ್ ಮತ್ತು ಕಾನ್ಸಾಸ್ ಸಿಟಿ 86, ಮತ್ತೆ ಒಂದೇ ಆಟ. ಐದು ವರ್ಷದಲ್ಲಿ ಒಳಗೆ ಹೋಗಿದ್ದು ಎರಡು ಸಲ. 54% ಅನ್ನೋದು ಬಾಗಿಲ ಹೊಸ್ತಿಲ ಮೇಲೆ ನಿಲ್ಲಿಸುವ ಸಂಖ್ಯೆ. ಒಳಗೆ ಹೋಗೋದು ಬಿಡೋದು ಬೇರೆಯವರ ಕೈಲಿರುತ್ತೆ.

ಮಳೆನಾಡು_ಬೆಲ್ವ್ಯೂ
2021ನ್ನ ಆ ಪಟ್ಟಿಗೆ ಸೇರಿಸೋದು ನ್ಯಾಯ ಅಲ್ಲ. ಆ ವರ್ಷ ಹೊಡೆದ ರನ್‌ಗಿಂತ ಕೊಟ್ಟ ರನ್ 51 ಹೆಚ್ಚು. ಆ ಅಂತರಕ್ಕೆ 76 ಗೆಲುವು ಬಂದಿದ್ದರೆ ಸಹಜ. ಒಂದು ರನ್ ಅಂತರದ ಆಟಗಳಲ್ಲಿ 33-19 ಗೆದ್ದದ್ದಕ್ಕೆ 90 ಆಯ್ತು. ಆ ತಂಡ ಅಷ್ಟು ದೂರ ಬಂದದ್ದೇ ಬೋನಸ್. ಬೈಯೋದಾದರೆ 2024ನ್ನ ಬೈಯಿರಿ. ಜೂನ್ 18ಕ್ಕೆ 10 ಆಟದ ಮುನ್ನಡೆ ಇತ್ತು, ಒಂದು ತಿಂಗಳಲ್ಲಿ ಮಂಜಿನ ಹಾಗೆ ಕರಗಿತು. ಆಗಸ್ಟ್ 22ಕ್ಕೆ ಮ್ಯಾನೇಜರ್ ಸ್ಕಾಟ್ ಸರ್ವೈಸ್ ಮನೆಗೆ, ವಿಲ್ಸನ್ ಒಳಗೆ. ಆ ವರ್ಷದ ಪಿಚಿಂಗ್ ಸಾಲು ನೋಡಿ: ಗಿಲ್ಬರ್ಟ್, ಕರ್ಬಿ, ಕಸ್ತಿಯೊ, ವೂ, ಮಿಲ್ಲರ್. ಇಂಥ ಐವರು ಇದ್ದೂ ಹೊರಗೆ ಕೂರೋದು ಅಂದರೆ ಅದಕ್ಕೆ ಬೇರೆ ಪ್ರತಿಭೆ ಬೇಕು.

ಹೊಸಬ_ಮೈಸೂರು
ಒಂದು ದಡ್ಡ ಪ್ರಶ್ನೆ. 2024ರಲ್ಲಿ ತಂಡದ ಬ್ಯಾಟಿಂಗ್ ಸರಾಸರಿ .224 (ನೂರಕ್ಕೆ ಸುಮಾರು 22 ಹಿಟ್) ಅಂತ ಓದಿದೆ. ಇಷ್ಟು ಕೆಟ್ಟ ಬ್ಯಾಟರ್‌ಗಳನ್ನೇ ಯಾಕೆ ಹುಡುಕಿ ತರ್ತಾರೆ?

ಎಡಗೈ
ದಡ್ಡ ಪ್ರಶ್ನೆ ಅಲ್ಲ, ಎಲ್ಲರೂ ಬೀಳುವ ಗುಂಡಿ ಅದು. ಅರ್ಧ ತಪ್ಪು ಮೈದಾನದ್ದು.

ಮರೀನರ್ಸ್ ಮನೆ ಮೈದಾನ ಟಿ-ಮೊಬೈಲ್ ಪಾರ್ಕ್ (1999ರಲ್ಲಿ ತೆರೆದಾಗ ಸೇಫ್ಕೊ ಫೀಲ್ಡ್) ಇಡೀ ಲೀಗಿನಲ್ಲಿ ರನ್ ಹೊಡೆಯೋಕೆ ಅತಿ ಕಷ್ಟದ ಜಾಗ. ಪಾರ್ಕ್ ಅಂಶ ಅಂತ ಒಂದು ಅಳತೆ ಇದೆ, 100 ಅಂದರೆ ಸರಾಸರಿ. ಇಲ್ಲಿಯದು ಇತ್ತೀಚಿನ ವರ್ಷಗಳಲ್ಲಿ 92ರ ಆಸುಪಾಸು. ಬೇಲಿ ದೂರ ಇರೋದರಿಂದ ಅನ್ನೋದು ಹಳೆ ಕಥೆ. 2013ಕ್ಕೆ ಬೇಲಿಯನ್ನ ಒಳಗೆ ಎಳೆದಾಗಿದೆ, ಈಗ ಎಡಗಡೆ ಕಂಬ 331 ಅಡಿ, ಮಧ್ಯ 401, ಬಲಗಡೆ 326. ಬೇರೆ ಮೈದಾನಗಳಿಗಿಂತ ದೊಡ್ಡದೇನಲ್ಲ.

ತೊಂದರೆ ಗಾಳಿಯದು. ಸಮುದ್ರ ಮಟ್ಟದ ಊರು, ಏಪ್ರಿಲ್-ಮೇ ರಾತ್ರಿಗಳು ತಣ್ಣಗೆ. ತಣ್ಣನೆ ಗಾಳಿ ದಟ್ಟ. ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಇಳಿದರೆ 400 ಅಡಿ ಹೋಗಬೇಕಾದ ಹೊಡೆತ ಸುಮಾರು 6 ಅಡಿ ಹಿಂದೆ ಬೀಳುತ್ತೆ. ಬೇಲಿ ದಾಟೋದಕ್ಕೂ ಬೇಲಿ ಮುಂದೆ ಕ್ಯಾಚ್ ಆಗೋದಕ್ಕೂ ಅಷ್ಟೇ ವ್ಯತ್ಯಾಸ. ಡೆನ್ವರ್‌ನಲ್ಲಿ 5,200 ಅಡಿ ಎತ್ತರದ ತೆಳು ಗಾಳಿ, ಅಲ್ಲಿ ಇದೇ ಹೊಡೆತ ಪ್ರೇಕ್ಷಕರ ಮಡಿಲಲ್ಲಿ.

ಒಂದು ತಿದ್ದುಪಡಿ: "ತೇವದ ಗಾಳಿ ಭಾರ" ಅಂತ ಕಾಮೆಂಟ್ರಿಯವರೂ ಹೇಳ್ತಾರೆ. ಅದು ತಲೆಕೆಳಗು. ನೀರಾವಿ ಇರುವ ಗಾಳಿ ಒಣ ಗಾಳಿಗಿಂತ ಕೊಂಚ ಹಗುರ. ತೇವ ಏಟು ಕೊಡೋದು ಚೆಂಡಿಗೆ. ನೀರು ಹೀರಿದ ಚೆಂಡು ತುಸು ಭಾರವಾಗುತ್ತೆ, ಬ್ಯಾಟಿನಿಂದ ಪುಟಿಯೋದು ಕಡಿಮೆಯಾಗುತ್ತೆ.

ಇನ್ನೊಂದು ವಿಚಿತ್ರ: ಇಲ್ಲಿ ಸ್ಟ್ರೈಕೌಟ್ ಕೂಡ ಜಾಸ್ತಿ, ಬಂದು ಹೋಗುವ ತಂಡಗಳಿಗೂ. ಗಾಳಿ ದಪ್ಪ ಅಂತ ಸ್ಟ್ರೈಕೌಟ್ ಆಗಲ್ಲ. ಹಾಗಾಗಿ ಬೆಳಕು, ಹಿನ್ನೆಲೆ ಗೋಡೆ, ಚೆಂಡು ಕಣ್ಣಿಗೆ ಕಾಣುವ ರೀತಿ ಇವುಗಳ ಮೇಲೆ ಅನುಮಾನ.

ಅಂಕಿ_ಮಂಕಿ
ಅದಕ್ಕೇ ಮೈಸೂರಿನವರೇ, ಸರಾಸರಿ ನೋಡಬೇಡಿ. ಡಬ್ಲ್ಯುಆರ್‌ಸಿ ಪ್ಲಸ್ ನೋಡಿ. ಮೈದಾನದ ಪರಿಣಾಮ ಕಳೆದು ಕೊಡುವ ಅಂಕಿ, 100 ಅಂದರೆ ಲೀಗ್ ಸರಾಸರಿ. .224 ಹೊಡೆದ ಆ 2024ರ ತಂಡ ಅದರಲ್ಲಿ ಸರಾಸರಿಗಿಂತ ಸ್ವಲ್ಪ ಮೇಲೇ ಇತ್ತು. ಕೆಟ್ಟ ತಂಡ ಅಲ್ಲ, ಕೆಟ್ಟ ಕನ್ನಡಿ.

ಆದರೆ ಸ್ಟ್ರೈಕೌಟ್ ಮಾತ್ರ ನೆಪ ಹೇಳುವಂತಿರಲಿಲ್ಲ. ಆ ವರ್ಷ 1,600 ದಾಟಿತ್ತು. ಮೂರನೇ ಬೇಸಲ್ಲಿ ಆಳಿದ್ದು ಔಟ್ ಒಂದೇ ಇದ್ದಾಗ, ಸಾಮಾನ್ಯ ಫ್ಲೈ ಬಾಲ್ ಕೂಡ ಒಂದು ರನ್. ಸ್ಟ್ರೈಕೌಟ್ ಆದರೆ ಸೊನ್ನೆ. ಒಂದೊಂದು ಆಟದಿಂದ ಪ್ಲೇಆಫ್ ತಪ್ಪಿಸಿಕೊಂಡ ತಂಡಕ್ಕೆ ಅಂಥ ಸಂದರ್ಭ ವರ್ಷಕ್ಕೆ ಎಷ್ಟು ಬಂದಿರಬೇಡ.

ಬುಲ್‌ಪೆನ್_ಬಸಣ್ಣ
ಅದಕ್ಕ ಜಾಶ್ ನೇಲರ್ ಬಂದಮ್ಯಾಲ ತಂಡದ ಬಣ್ಣಾನ ಬದಲಾತು. ಜುಲೈದಾಗ ಅರಿಜೋನಾದಿಂದ ತಂದ್ರು, ಹಿಂದಿಂದ ಯುಜೇನಿಯೊ ಸ್ವಾರೆಸ್‌ನೂ ತಂದ್ರು. ನೇಲರ್ ಚೆಂಡು ಬಿಡಂಗಿಲ್ಲ, ಎಲ್ಲೋ ಒಂದು ಕಡೆ ತಾಗಸೇ ತಾಗಸ್ತಾನ.

ಮತ್ತ ಆ ಬೇಸ್ ಕಳ್ಳತನ, ಪಿಚರ್ ಎಸೆಯೋದ್ರಾಗ ಮುಂದಿನ ಬೇಸಿಗೆ ಓಡೋದು! ಓಟದ ವೇಗದಾಗ ಇಡೀ ಲೀಗಿನ ಬಾಲಂಗೋಚಿ ಅಂವ. ಆದ್ರೂ ವರ್ಷದಾಗ 30 ಬೇಸ್ ಕದ್ದ, ಸಿಯಾಟಲ್ ಅಂಗಿ ಹಾಕ್ಕೊಂಡು 19, ಒಂದ್ಸಲಾನೂ ಸಿಕ್ಕಿಲ್ಲ. ಕಾಲಿಂದ ಅಲ್ರಿ, ತಲಿಯಿಂದ. ಪಿಚರ್‌ನ ಮುಂಗಾಲು ಏಳೋ ಲಯ ಎಣಸ್ತಾನ. ಪಿಚ್ ಕ್ಲಾಕ್, ಅಂದ್ರ ಎಸೆಯಾಕ ಕೊಡೋ ಟೈಮು, ಬೇಸ್‌ನ್ಯಾಗ ಆಳಿದ್ರ 18 ಸೆಕೆಂಡ್. ಪಿಚರ್ ಪ್ರತಿ ಸಲ ಕೊನೀ ಸೆಕೆಂಡಿನಾಗ ಎಸೀತಿದ್ರ ಅದು ರೈಲು ಹೊರಡೋ ಸಿಳ್ಳಿ ಇದ್ದಂಗ. ಬೇಸಿಂದ ಸುಮ್ಮ ದೂರ ಸರಕೋತ ಹೋಗ್ತಾನ, ಯಾರೂ ನೋಡಂಗಿಲ್ಲ, ದಪ್ಪನ್ನ ಮನಷ್ಯಾ ಏನ್ ಓಡ್ತಾನ ಅಂತ.

ಕಾಫಿ_ಡಿಕಾಕ್ಷನ್
ಸ್ವಾರೆಸ್ ಮಾತ್ರ ಒಂದು ಒಗಟು. ಸಿಯಾಟಲ್‌ನಲ್ಲಿ .189. ಎರಡು ತಿಂಗಳು ಗಾಳಿ ಬೀಸಿದ. ಆದರೆ ಟೊರಾಂಟೊ ಸರಣಿಯ ಐದನೇ ಆಟದಲ್ಲಿ ಎಂಟನೇ ಇನ್ನಿಂಗ್ಸ್‌ನಲ್ಲಿ ಮೊದಲು ನಮ್ಮ ಕ್ಯಾಚರ್ (ವಿಕೆಟ್ ಕೀಪರ್ ಥರ) ಕ್ಯಾಲ್ ರಾಲಿ ಹೋಮ್ ರನ್ ಹೊಡೆದು ಸಮ ಮಾಡಿದ, ಆಮೇಲೆ ಈ ಮಹಾರಾಯ ಗ್ರ್ಯಾಂಡ್ ಸ್ಲಾಮ್, ಬೇಸ್ ತುಂಬಿದಾಗಿನ ನಾಲ್ಕು ರನ್ ಹೋಮ್ ರನ್. 6-2. ಆ ಒಂದು ಹೊಡೆತಕ್ಕೆ ಮಿಕ್ಕ ಸಾಲ ಎಲ್ಲ ಮನ್ನಾ.

ಮಳೆನಾಡು_ಬೆಲ್ವ್ಯೂ
ರಾಲಿ ಹೆಸರು ಈಗ ಬಂತಾ! 60 ಹೋಮ್ ರನ್. ಕ್ಯಾಚರ್ ಒಬ್ಬನ ಹಳೇ ದಾಖಲೆ 48, ಸಾಲ್ವಡೋರ್ ಪೆರೆಸ್, 2021. ಎರಡೂ ಕೈಯಲ್ಲಿ ಆಡುವವರ ದಾಖಲೆ ಮಿಕಿ ಮ್ಯಾಂಟಲ್‌ನ 54, 1961ರದ್ದು. ಮರೀನರ್ಸ್ ದಾಖಲೆ ಕೆನ್ ಗ್ರಿಫಿಯ 56. ಮೂರನ್ನೂ ಒಂದೇ ವರ್ಷ ಒರೆಸಿದ. 60ನೆಯದು ಬಂದ ರಾತ್ರಿಯೇ, ಸೆಪ್ಟೆಂಬರ್ 24, ಡಿವಿಷನ್ (ಲೀಗಿನೊಳಗಿನ ತಮ್ಮ ಗುಂಪು) ಗೆದ್ದರು. 2001ರ ನಂತರ ಮೊದಲ ಸಲ. ಇಷ್ಟಾಗಿ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಎಂವಿಪಿ ಯಾಂಕೀಸ್‌ನ ಆರನ್ ಜಡ್ಜ್‌ಗೆ ಹೋಯ್ತು, ಆ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ.

ಕ್ಯಾಚರ್ 60 ಹೊಡೆಯೋದು ಯಾಕೆ ಅಸಾಧ್ಯ ಅಂತಿದ್ದರು ಅಂದರೆ: ಪ್ರತಿ ಆಟ ನೂರೈವತ್ತರ ಹತ್ತಿರ ಎಸೆತ, ಪ್ರತಿಯೊಂದಕ್ಕೂ ಕುಕ್ಕುರುಗಾಲು. ಹೊಡೆತದ ಶಕ್ತಿ ಬರೋದು ಸೊಂಟದ ಕೆಳಗಿನಿಂದ, ಮೊದಲು ಸೋಲೋದೂ ಅದೇ. ಆಗಸ್ಟ್ ಹೊತ್ತಿಗೆ ಬಹುತೇಕ ಕ್ಯಾಚರ್‌ಗಳ ಹೊಡೆತ ಬೇಲಿ ಮುಂದೆ ಬೀಳೋಕೆ ಶುರುವಾಗುತ್ತೆ.

ಹೊಸಬ_ಮೈಸೂರು
ಸೆಪ್ಟೆಂಬರ್‌ನಲ್ಲಿ ಯಾರೋ ಮಾಟ ಮಾಡಿಸಿದರು ಅಂತ ಸುದ್ದಿ ಬಂದಿತ್ತಲ್ಲ, ಅದು ನಿಜವಾ?

ತ್ರಿಶೂಲ_77
ನಿಜ. ಒಬ್ಬ ಅಭಿಮಾನಿ ಎಟ್ಸಿ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ಮಾಟಗಾತಿಗೆ ದುಡ್ಡು ಕೊಟ್ಟ, ತಂಡ ಸಾಲಾಗಿ 10 ಗೆದ್ದಿತು. ಹೂಸ್ಟನ್‌ಗೆ ಹೋಗಿ ಮೂರಕ್ಕೆ ಮೂರು ಗೆದ್ದು ಡಿವಿಷನ್ ಕಿತ್ತುಕೊಂಡದ್ದೂ ಅದೇ ತಿಂಗಳು. ಕೊಳ್ಳೇಗಾಲದ ಬಸ್ ಹತ್ತೋ ಕಾಲ ಹೋಯ್ತು, ಈಗ ಹೋಮ್ ಡೆಲಿವರಿ. ಮುಂದೆ ಅಕ್ಟೋಬರ್ 10ರಂದು ಮೈದಾನದ ಸಾಮನ್ ಮೀನಿನ ಓಟದಲ್ಲಿ ಅಲ್ಲಿವರೆಗೆ ಒಮ್ಮೆಯೂ ಗೆಲ್ಲದಿದ್ದ ಹಂಪಿ ಕೂಡ ಗೆದ್ದಿತು. (ನಮ್ಮ ಹಂಪಿ ಅಲ್ಲ, ಮೀನಿನ ವೇಷ ಹಾಕಿದ ಮನುಷ್ಯ.) ಆ ರಾತ್ರಿಯೇ ಡೆಟ್ರಾಯಿಟ್ ವಿರುದ್ಧ 15 ಇನ್ನಿಂಗ್ಸ್, ಪೊಲಾಂಕೊ ಸಿಂಗಲ್, 3-2.

ಎಡಗೈ
ಆ 15 ಇನ್ನಿಂಗ್ಸೇ ಟೊರಾಂಟೊದಲ್ಲಿ ಬಡ್ಡಿ ವಸೂಲಿ ಮಾಡಿದ್ದು ಅನ್ನೋದು ನನ್ನ ಅಭಿಪ್ರಾಯ. ಡೆಟ್ರಾಯಿಟ್ ಪಿಚರ್ ಸ್ಕೂಬಲ್ 13 ಸ್ಟ್ರೈಕೌಟ್ ಮಾಡಿ ಹೋದ ಮೇಲೂ ಆಟ ಮುಗೀಲಿಲ್ಲ. ಗಿಲ್ಬರ್ಟ್, ಕಸ್ತಿಯೊ ಇಬ್ಬರು ಸ್ಟಾರ್ಟರ್‌ಗಳನ್ನೂ (ಆಟ ಶುರು ಮಾಡುವ ಪಿಚರ್‌ಗಳು) ರಿಲೀಫ್‌ಗೆ ಇಳಿಸಬೇಕಾಯ್ತು. ಎರಡು ದಿನಕ್ಕೆ ಟೊರಾಂಟೊ. ಸ್ಟಾರ್ಟರ್‌ಗಳ ಸರದಿಯೇ ಕಲಸಿಹೋಯ್ತು. ವೂ ಸೆಪ್ಟೆಂಬರ್‌ನ ಎದೆ ಸ್ನಾಯು ನೋವಿನಿಂದ ಆಗಷ್ಟೇ ಎದ್ದಿದ್ದ, ಅವನನ್ನ ಏಳನೇ ಆಟದಲ್ಲಿ ತನ್ನ ಮೂರನೇ ಇನ್ನಿಂಗ್ಸ್ ಎಸೆಯೋಕೂ ಕಳಿಸಿದರು. ಬಸಣ್ಣ ಸ್ಪ್ರಿಂಗರ್ ಎದುರಿನ ಆಯ್ಕೆಯನ್ನ ಬೈತಾರೆ. ನಾನು ಅದಕ್ಕೂ ಮೊದಲಿನದ್ದನ್ನ ಬೈತೀನಿ: ಏಳನೇ ಇನ್ನಿಂಗ್ಸನ್ನ ಹೊಸ ಕೈಯಿಂದ, ಖಾಲಿ ಬೇಸ್‌ಗಳೊಂದಿಗೆ ಶುರು ಮಾಡಬೇಕಿತ್ತು. ಬೆಂಕಿ ಹತ್ತಿದ ಮೇಲೆ ಯಾವ ಕೊಡ ಅನ್ನೋದು ಆಮೇಲಿನ ಮಾತು.

ಬುಲ್‌ಪೆನ್_ಬಸಣ್ಣ
ಇದನ್ನ ಒಪ್ಪಿದೆ. ವಾಕ್ ಕೊಟ್ಟ ಕೂಡಲೇ ತೆಗೀಬೇಕಿತ್ತು.

ಕಾಫಿ_ಡಿಕಾಕ್ಷನ್
ಹಳೇ ಪಾಪಗಳ ಪಟ್ಟಿನೂ ಒಂದು ಇರಲಿ, ಬೇಗ ಹೇಳಿ ಮುಗಿಸ್ತೀನಿ. 1997: ಸ್ಲೋಕಂಬ್ ಅನ್ನೋ ರಿಲೀವರ್‌ಗೋಸ್ಕರ ವಾರಿಟೆಕ್ ಮತ್ತು ಡೆರೆಕ್ ಲೋ ಇಬ್ಬರನ್ನೂ ಬಾಸ್ಟನ್‌ಗೆ ಕೊಟ್ಟರು. 2004ರಲ್ಲಿ ಬಾಸ್ಟನ್ ಕಪ್ ಎತ್ತಿದಾಗ ಇಬ್ಬರೂ ಆ ತಂಡದಲ್ಲಿ. 2008: ಎರಿಕ್ ಬೆಡಾರ್ಡ್ ಒಬ್ಬನಿಗೆ ಐವರು, ಅದರಲ್ಲಿ ಆಡಮ್ ಜೋನ್ಸ್. ಫೆಲಿಕ್ಸ್ ಹರ್ನಾಂಡೆಸ್: 2010ರಲ್ಲಿ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್, 2012ರ ಆಗಸ್ಟ್ 15ಕ್ಕೆ ಪರ್ಫೆಕ್ಟ್ ಗೇಮ್ (ಎದುರಾಳಿ ಒಬ್ಬನೂ ಬೇಸ್ ಮುಟ್ಟದ ಆಟ), ಇಡೀ ವೃತ್ತಿಯಲ್ಲಿ ಪ್ಲೇಆಫ್ ಎಸೆತ ಸೊನ್ನೆ. 2001: 116 ಗೆಲುವು, ವರ್ಲ್ಡ್ ಸೀರೀಸ್ ಇಲ್ಲ. ಸಾಕು.

ಮಳೆನಾಡು_ಬೆಲ್ವ್ಯೂ
ಆರ್‌ಸಿಬಿ ಹೋಲಿಕೆ ಯಾರೂ ತರಲಿಲ್ಲವಲ್ಲ ಅಂತ ಆಶ್ಚರ್ಯ.

ತ್ರಿಶೂಲ_77
ತರಬೇಡಿ. ಅವರಿಗೆ 18ನೇ ವರ್ಷಕ್ಕೆ ಸಿಕ್ಕಿತು. ಸಿಗದೆ ಇದ್ದಾಗಲೂ 2009, 2011, 2016ರಲ್ಲಿ ಫೈನಲ್ ಆಡಿದ್ದರು. "ಈ ಸಲ ಕಪ್ ನಮ್ದೇ" ಅನ್ನೋಕಾದರೂ ಒಂದು ಯೋಗ್ಯತೆ ಇತ್ತು. ಇಲ್ಲಿ ಕಪ್ ಇರುವ ಕೋಣೆಗೆ ಹೋಗೋ ದಾರಿನೇ ಗೊತ್ತಿಲ್ಲ.

ಅಂಕಿ_ಮಂಕಿ
ಮುಂದಿನ ಮಾತಿಗೆ ಬರೋಣ. ಒಳ್ಳೆ ಸುದ್ದಿ: ನೇಲರ್‌ಗೆ ಐದು ವರ್ಷ, 9.25 ಕೋಟಿ ಡಾಲರ್. ಬ್ಯಾಟರ್‌ಗಳು ಈ ಮೈದಾನ ಅಂದರೆ ಓಡಿಹೋಗ್ತಾರೆ, ಅಂಕಿ ಹಾಳಾದರೆ ಮುಂದಿನ ಒಪ್ಪಂದ ಹಾಳು ಅಂತ. ಅಂಥದ್ದರಲ್ಲಿ ಒಬ್ಬ ತಾನಾಗಿ ಉಳಿದದ್ದು ದೊಡ್ಡದು. ಕೆಟ್ಟದ್ದು: ಪೊಲಾಂಕೊ ಮೆಟ್ಸ್‌ಗೆ ಹೋದ. ಹೂಲಿಯೊ ರೊಡ್ರಿಗೆಸ್ 2025ರಲ್ಲಿ 32 ಹೋಮ್ ರನ್, 30 ಬೇಸ್ ಕಳವು ಮಾಡಿದ್ದಾನೆ, ಆದರೆ ಪ್ರತಿ ವರ್ಷ ಏಪ್ರಿಲ್-ಮೇ ನಿದ್ದೆ ಹೊಡೆದು ಜುಲೈಗೆ ಏಳ್ತಾನೆ. ಆ ಎರಡು ತಿಂಗಳು ಅರ್ಧ ಎಚ್ಚರ ಇದ್ದರೂ ಎರಡು-ಮೂರು ಗೆಲುವು ಹೆಚ್ಚಿಗೆ ಬರುತ್ತೆ. 54 ಪರ್ಸೆಂಟ್ 56 ಆಗೋದು ಅಲ್ಲೇ.

ಕೆಳಗಿನ ಹಂತದಲ್ಲಿ ಕೋಲ್ಟ್ ಎಮರ್ಸನ್ ಇದ್ದಾನೆ, 2025ರ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನ ತಂಡಗಳು ಸರದಿಯಂತೆ ಆರಿಸುವ ಕ್ರಮ) ಮೂರನೆಯವನಾಗಿ ಆರಿಸಿದ ಎಡಗೈ ಪಿಚರ್ ಕೇಡ್ ಆಂಡರ್ಸನ್ ಇದ್ದಾನೆ. ಹೊಸ ಹುಡುಗರನ್ನ ಎಣಿಸಿ ಪ್ಲೇಆಫ್ ಲೆಕ್ಕ ಹಾಕಬೇಡಿ. ಬಂದರೆ ಸಂತೋಷ ಅಷ್ಟೇ.

ಎಡಗೈ
ಅಂಪೈರ್ ಕೊಟ್ಟ ಸ್ಟ್ರೈಕ್ ತೀರ್ಪನ್ನ ಪ್ರಶ್ನಿಸುವ 2026ರ ಸವಾಲಿನ ನಿಯಮ ನಮಗೆ ಎರಡು ಕಡೆ ಹರಿತದ ಕತ್ತಿ. ತಂಡಕ್ಕೆ ಎರಡು ಸವಾಲು. ಸರಿ ಆದರೆ ಉಳಿಯುತ್ತೆ, ತಪ್ಪಾದರೆ ಹೋಗುತ್ತೆ. ಕೇಳಬಹುದಾದವರು ಬ್ಯಾಟರ್, ಪಿಚರ್, ಕ್ಯಾಚರ್ ಮಾತ್ರ, ತಲೆ ತಟ್ಟಿ, ತಕ್ಷಣ. ಡಗೌಟಿನಿಂದ ಸನ್ನೆ ಮಾಡುವ ಹಾಗಿಲ್ಲ. ರಾಲಿ 2024ರಲ್ಲಿ ಫೀಲ್ಡಿಂಗ್ ಪ್ರಶಸ್ತಿ ಪ್ಲಾಟಿನಂ ಗ್ಲೋವ್ ಪಡೆದದ್ದರಲ್ಲಿ ಒಂದು ಪಾಲು ಅಂಚಿನ ಚೆಂಡನ್ನ ಮೆಲ್ಲಗೆ ಒಳಗೆಳೆದು ಸ್ಟ್ರೈಕ್ ಅನ್ನಿಸುವ ಕೈಚಳಕದ್ದು. ಅದನ್ನ ಈಗ ಎದುರಾಳಿ ಪ್ರಶ್ನಿಸಬಹುದು. ಆದರೆ ಅಂಚು ಎಲ್ಲಿದೆ ಅಂತ ಅವನಷ್ಟು ಚೆನ್ನಾಗಿ ಬಲ್ಲವನ ಕೈಯಲ್ಲೇ ನಮ್ಮ ಸವಾಲೂ ಇರುತ್ತೆ. ಮೊದಲ ಮೂರು ಇನ್ನಿಂಗ್ಸ್‌ನಲ್ಲಿ ಪಿಚರ್‌ಗಳು ಸಿಟ್ಟಿಗೆ ತಲೆ ತಟ್ಟಿ ಎರಡನ್ನೂ ಕಳೆಯದಿದ್ದರೆ ಸಾಕು.

ಹೊಸಬ_ಮೈಸೂರು
ಇಲ್ಲಿಂದ ನೋಡೋದು ಹೇಗೆ? ಸಮಯ ಎಷ್ಟಕ್ಕೆ ಬರುತ್ತೆ?

ಮಳೆನಾಡು_ಬೆಲ್ವ್ಯೂ
ಋತುವಿಡೀ ಸಿಯಾಟಲ್ ನಮ್ಮ ಸಮಯಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ 6:40ರ ಆಟ ನಿಮಗೆ ಮರುದಿನ ಬೆಳಿಗ್ಗೆ 7:10. ಕಾಫಿ ಹೊತ್ತಿಗೆ ಶುರು, ಹತ್ತು ಗಂಟೆ ಒಳಗೆ ಸಾಮಾನ್ಯವಾಗಿ ಮುಗಿಯುತ್ತೆ. ಭಾನುವಾರ ಮಧ್ಯಾಹ್ನ 1:10ರ ಆಟ ನಿಮಗೆ ರಾತ್ರಿ 1:40, ಅದನ್ನ ಬಿಡಿ, ಬೆಳಿಗ್ಗೆ ಸಂಕ್ಷಿಪ್ತ ವೀಡಿಯೊ ನೋಡಿ. ಪೂರ್ವ ತೀರದ ರಾತ್ರಿ ಆಟಗಳು ಬೆಳಗಿನ ಜಾವ ನಾಲ್ಕೂವರೆ ಆಸುಪಾಸು. ಎಂಎಲ್‌ಬಿ ಟಿವಿಯ ಸ್ಥಳೀಯ ತಡೆ ವಾಷಿಂಗ್ಟನ್, ಒರೆಗಾನ್ ಕಡೆಯವರ ತಲೆನೋವು, ಮೈಸೂರಿಗೆ ಅದು ತಾಗಲ್ಲ.

ಸಿಯಾಟಲ್‌ಗೆ ನೆಂಟರ ಮನೆಗೆ ಬರುವವರಿಗೆ: ಛಾವಣಿ ಮುಚ್ಚಿದರೂ ಪಕ್ಕ ತೆರೆದೇ ಇರುತ್ತೆ. ಅದು ಕೊಡೆ, ಕೋಣೆ ಅಲ್ಲ. ಏಪ್ರಿಲ್‌ಗೆ ಜಾಕೆಟ್ ಬೇಕು. ಬೇಸಿಗೆ ಸಂಜೆ ಮೂರನೇ ಬೇಸ್ ಕಡೆ ಕೂತರೆ ನೆರಳು, ಬಲಗಡೆ ಔಟ್‌ಫೀಲ್ಡ್‌ನಲ್ಲಿ ಎರಡು ಗಂಟೆ ಕಣ್ಣಿಗೆ ಬಿಸಿಲು. ಲೈಟ್ ರೈಲಿನಲ್ಲಿ ಸ್ಟೇಡಿಯಂ ನಿಲ್ದಾಣ. ಹೊರಗಿನ ತಿಂಡಿಗೆ ಅಡ್ಡಿಯಿಲ್ಲ, ಒಬ್ಬರಿಗಾಗುವಷ್ಟು ಚಿತ್ರಾನ್ನದ ಡಬ್ಬಿ ಪಾರದರ್ಶಕ ಚೀಲದಲ್ಲಿ ಹೋಗುತ್ತೆ. ಗಾಜು, ಕ್ಯಾನ್ ಬೇಡ. ಒಳಗೆ ಹುರಿದ ಮಿಡತೆಯನ್ನೂ ಮಾರ್ತಾರೆ, ಧೈರ್ಯ ನಿಮ್ಮದು.

ಹೊಸಬ_ಮೈಸೂರು
ಕೊನೇ ಪ್ರಶ್ನೆ. ಸ್ಕೋರ್ ಹಾಳೆ ಬರೆಯೋಕೆ ಕಲೀತಿದ್ದೀನಿ. ಆ ಏಳನೇ ಇನ್ನಿಂಗ್ಸ್‌ನ ಮೂರು ರನ್ ಯಾರ ಹೆಸರಿಗೆ ಬರೀಬೇಕು? ಹೋಮ್ ರನ್ ಕೊಟ್ಟದ್ದು ಬಜಾರ್ಡೊ ಅಲ್ವಾ?

ಎಡಗೈ
ಮೂರೂ ಅವನದ್ದಲ್ಲ. ಬೇಸ್ ಮೇಲೆ ಯಾರು ಬಿಟ್ಟರೋ ಆ ರನ್ ಅವರ ಖಾತೆಗೆ. ಬಾರ್ಜರ್ ಜಾಗದ ಒಂದು, ಕೈನರ್-ಫಲೇಫಾ ಜಾಗದ ಒಂದು, ಎರಡೂ ವೂಗೆ. ಸ್ಪ್ರಿಂಗರ್‌ನ ಸ್ವಂತ ರನ್ ಮಾತ್ರ ಬಜಾರ್ಡೊಗೆ. ಆದರೆ ಮುನ್ನಡೆ ಕೊಟ್ಟ ರನ್ ಅದೇ, 3-3ರಿಂದ 4-3, ಹಾಗಾಗಿ ಸೋಲು ಅವನ ಹೆಸರಿಗೆ.

ಬರೆಯುವ ಕ್ರಮ: ಹಿಮೆನೆಸ್ ಮನೆಯಲ್ಲಿ ತ್ಯಾಗದ ಬಂಟ್ ಗುರುತು, ಅದರ ಪಕ್ಕ ಒಂದು ವೃತ್ತದಲ್ಲಿ 1, ಮೊದಲ ಔಟ್ ಅಂತ. ಆಮೇಲೆ ಸ್ಪ್ರಿಂಗರ್ ಮನೆಯ ಮೇಲೆ ಒಂದು ದಪ್ಪ ಗೆರೆ ಎಳೆಯಿರಿ, ಪಿಚರ್ ಬದಲಾದ ಗುರುತು. ಆ ಇನ್ನಿಂಗ್ಸ್‌ನಲ್ಲಿ ಗೆರೆಗೆ ಮೊದಲು ಆಡಿದವರೆಲ್ಲ ವೂ ಖಾತೆ, ಆಮೇಲಿನವರು ಬಜಾರ್ಡೊ ಖಾತೆ. ಈ ಗೆರೆ ಮರೆತರೆ ಕೊನೆಗೆ ಲೆಕ್ಕ ಕೂಡಲ್ಲ, ಹೊಸಬರು ಎಡವೋದು ಇಲ್ಲೇ.

ಬುಲ್‌ಪೆನ್_ಬಸಣ್ಣ
ವಿಲ್ಸನ್ ಹೆಸರು ಎಲ್ಲಿ ಬರೀಬೇಕ್ರಿ?

ಎಡಗೈ
ಆ ಹಾಳೆಯಲ್ಲಿ ಮ್ಯಾನೇಜರ್‌ಗೆ ಮನೆ ಇಲ್ಲ ಬಸಣ್ಣ. ಅಂಚಿನಲ್ಲಿ ಬರ್ಕೊಳ್ಳಿ.

ಹೊಸಬ_ಮೈಸೂರು
ಪೆನ್ನಾ ಪೆನ್ಸಿಲ್ಲಾ?

ಎಡಗೈ
ಪೆನ್ಸಿಲ್. ಎರರ್ ಅಂತ ಕೊಟ್ಟದ್ದನ್ನ ಅಧಿಕೃತ ಸ್ಕೋರರ್ 24 ಗಂಟೆ ಒಳಗೆ ಹಿಟ್ ಅಂತ ತಿದ್ದಬಹುದು.